ಅಜ್ಜಿಯ ರೂಪಾಯಿ, ರೂಂಮೇಟಿನ ಡಾಲರ್

ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಫೋನಿನಲ್ಲಿ ಮಾತಾಡ್ತಾ ಇದ್ದರು. ಲಕ್ಷ್ಮೀಪೂಜೆಗೆ ಇಡುವ ಮೂರು ಹಳೇ ನಾಣ್ಯಗಳಿಗೆ ಐದು ಲಕ್ಷ ಕೊಡ್ತಾರಂತೆ. ‘ನೋಂದಣಿ’ಗೆ ಎರಡು ಸಾವಿರ ಆಗಲೇ ಕಳಿಸಿ ಆಗಿತ್ತು, ಈಗ ‘ಟ್ಯಾಕ್ಸ್’ ಅಂತ ಎಂಟು ಸಾವಿರ ಕೇಳ್ತಿದ್ದ. ಫೋನ್ ಕಟ್ ಮಾಡಿಸಿ 1930ಕ್ಕೆ ದೂರು ಕೊಟ್ಟೆವು. ಆಮೇಲೆ ಅಜ್ಜಿ ಕೇಳಿದರು, “ಹಾಗಾದ್ರೆ ಇದರ ನಿಜವಾದ ಬೆಲೆ ಎಷ್ಟು ಮಾರಾಯ?”

ನನಗೆ ಗೊತ್ತಿರಲಿಲ್ಲ. ನಾಣ್ಯಗಳನ್ನು ಮಂಗಳೂರಿಗೆ ತಂದೆ. ರೂಂಮೇಟ್ ಹತ್ತಿರವೂ ಅವನ ಮಾವ ಕೊಟ್ಟ 1921ರ ಒಂದು ಅಮೆರಿಕನ್ ಬೆಳ್ಳಿ ಡಾಲರ್ ಉಂಟು. ನಾಲ್ಕನ್ನೂ ಒಟ್ಟಿಗೆ ಪರೀಕ್ಷೆ ಮಾಡಿದೆವು.

1. ಇಸವಿ ಓದಿ

ಅಜ್ಜಿಯ ನಾಣ್ಯಗಳು 1918, 1944 ಮತ್ತು 1947ರವು. ಮೂರರ ಮೂಲ ತೂಕವೂ ಒಂದೇ, 11.66 ಗ್ರಾಂ, ಅಂದರೆ ಒಂದು ತೊಲ. ಆದರೆ 1918ರದ್ದರಲ್ಲಿ ಬೆಳ್ಳಿ ಶೇ. 91.7. ಎರಡನೇ ಮಹಾಯುದ್ಧದ ಕಾಲಕ್ಕೆ, 1940ರಲ್ಲಿ, ಅದು ಶೇ. 50ಕ್ಕೆ ಇಳಿಯಿತು. ಹಿಂಬದಿಯಲ್ಲಿ ಹುಲಿ ಇರುವ 1947ರ ರೂಪಾಯಿ ಬರೀ ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ.

2. ನೀರಿನಲ್ಲಿ ತೂಗಿ

ಆರ್ಕಿಮಿಡೀಸ್ ತತ್ವ ಪರೀಕ್ಷೆಗೆ ಮಾತ್ರ ಅಲ್ಲ. 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗಬಾರದು. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ, ನಾಣ್ಯದ ಗಾತ್ರ ಅಷ್ಟು ಘನ ಸೆಂ.ಮೀ. ಸವೆಯದ ನಾಣ್ಯಕ್ಕೆ ಲೆಕ್ಕ ಹೀಗೆ ಬರಬೇಕು:

1918: ಸುಮಾರು 1.13
1944: ಸುಮಾರು 1.22
1947: ಸುಮಾರು 1.31
ಡಾಲರ್ (26.73 ಗ್ರಾಂ, ಶೇ. 90 ಬೆಳ್ಳಿ): ಸುಮಾರು 2.59

ಸವೆದ ನಾಣ್ಯವಾದರೆ ತೂಕವನ್ನು ಗಾತ್ರದಿಂದ ಭಾಗಿಸಿ ಸಾಂದ್ರತೆ ನೋಡಿ. 1918ರದ್ದಕ್ಕೆ ಅದು 10.3ರ ಹತ್ತಿರ ಇರಬೇಕು. 8.5 ಬಂದರೆ ಹಿತ್ತಾಳೆಗೆ ಬೆಳ್ಳಿ ಬಣ್ಣ ಬಳಿದಿದ್ದಾರೋ ಅಂತ ಅನುಮಾನಪಡಿ. ಇದು ಲೋಹದ ಪರೀಕ್ಷೆ ಮಾತ್ರ. ಅಸಲಿ ಬೆಳ್ಳಿ ನಾಣ್ಯದ ಇಸವಿ ತಿದ್ದಿದ್ದರೆ ನೀರಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಭೂತಕನ್ನಡಿ ಬೇಕು.

3. ಎಷ್ಟು ಉಳಿದಿವೆ?

ಹಳೆಯದು ಅಂದ ಮಾತ್ರಕ್ಕೆ ಅಪರೂಪ ಅಲ್ಲ. ಮೊದಲ ಮಹಾಯುದ್ಧದಲ್ಲಿ ಭಾರತದಲ್ಲಿ ಬೆಳ್ಳಿ ರೂಪಾಯಿ ಸಾಲದೆ ಬಂತು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿತು. ಹೆಚ್ಚಿನ ಬೆಳ್ಳಿಯನ್ನು ಭಾರತಕ್ಕಾಗಿ ಬ್ರಿಟನ್ನಿಗೆ ಮಾರಿತು. ಇಲ್ಲಿ ಕೋಟಿಗಟ್ಟಲೆ ರೂಪಾಯಿ ಟಂಕಿಸಿದರು. ಕರಗಿಸಿದ್ದನ್ನು ತುಂಬಲು ಅಮೆರಿಕ 1921ರಲ್ಲಿ ಮತ್ತೆ ಮೋರ್ಗನ್ ಡಾಲರ್ ಹೊಡೆಯಿತು. ಹಾಗಾಗಿ ಅಜ್ಜಿಯ 1918 ಮತ್ತು ರೂಂಮೇಟಿನ 1921, ಎರಡೂ ಒಂದೇ ಕಥೆಯ ತುಂಡುಗಳು. ಎರಡೂ ಧಾರಾಳ ಸಿಗುವವು.

ಅಪರೂಪದ್ದು ಅಂದರೆ 1911ರ ರೂಪಾಯಿ. ಐದನೇ ಜಾರ್ಜ್‌ನ ನಿಲುವಂಗಿ ಮೇಲಿನ ಆನೆ ಹಂದಿಯ ಹಾಗೆ ಕಾಣ್ತದೆ ಅಂತ ಗಲಾಟೆಯಾಗಿ ಹೆಚ್ಚಿನವನ್ನು ಕರಗಿಸಿದರು. ಡಾಲರಿನಲ್ಲಾದರೆ 1893ರದ್ದು, ಹಿಂಬದಿಯ ಮಾಲೆಯ ಕೆಳಗೆ ‘ಎಸ್’ ಅಕ್ಷರ (ಸ್ಯಾನ್ ಫ್ರಾನ್ಸಿಸ್ಕೊ) ಇರುವುದು. ಟಂಕಿಸಿದ್ದೇ ಒಂದು ಲಕ್ಷ.

4. ಸ್ಥಿತಿ ನೋಡಿ

ರಾಜನ ಕಿರೀಟದ ಗೆರೆಗಳು ಸವೆದಿವೆಯಾ? ಸರಕ್ಕೆ ಹಾಕಲು ಬೆಸುಗೆ ಮಾಡಿದ ಗುರುತು ಉಂಟಾ? ಬೆಲೆ ಇಳಿಯಿತು. ತಿಕ್ಕಿ ತೊಳೆದರೂ ಇಳಿಯಿತು. ನಮ್ಮಜ್ಜಿ ಪ್ರತಿ ವರ್ಷ ಹುಣಸೆಹುಳಿ ಹಾಕಿ ತಿಕ್ಕಿದ್ದಾರೆ!

ಕೊನೆಯ ಲೆಕ್ಕ: 1918ರದ್ದರಲ್ಲಿ ಅಪ್ಪಟ ಬೆಳ್ಳಿ 10.69 ಗ್ರಾಂ, 1944ರದ್ದರಲ್ಲಿ 5.83, ಡಾಲರಿನಲ್ಲಿ 24.06. ಇದನ್ನು ಇವತ್ತಿನ ಬೆಳ್ಳಿ ದರಕ್ಕೆ ಗುಣಿಸಿ. ಸಾಮಾನ್ಯ ನಾಣ್ಯಕ್ಕೆ ಬೆಲೆ ಹೆಚ್ಚುಕಡಿಮೆ ಅಲ್ಲೇ ಸುತ್ತುತ್ತದೆ. ಐದು ಲಕ್ಷದ ಹತ್ತಿರಕ್ಕೂ ಬರುವುದಿಲ್ಲ.

ಹಳೇ ನಾಣ್ಯದ ವ್ಯವಹಾರಕ್ಕೆ ತಾನು ಶುಲ್ಕ ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ. ನಿಮ್ಮ ಮನೆಯ ಹಿರಿಯರಿಗೂ ಇದನ್ನು ಹೇಳಿ.

ಅಜ್ಜಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಪೂರ್ತಿ ಕೇಳಿ, “ತಗೊಳ್ಳುವವ ದುಡ್ಡು ಕೊಡುವುದಲ್ವಾ, ಕೇಳುವುದು ಎಂತಕ್ಕೆ? ನಂಗೆ ಆಗ ಹೊಳೀಲೇ ಇಲ್ಲ,” ಅಂದರು. ಆಮೇಲೆ, “ನಾಣ್ಯ ವಾಪಸ್ ತಾ. ಪೂಜೆಗೆ ಬೇಕು. ಇನ್ನು ತಿಕ್ಕುವುದಿಲ್ಲ.”