ಹಳೆಯ ನಾಣ್ಯ ಮಾರುವ ಮುನ್ನ

ಸಂತೆಯಲ್ಲಿ ಕೊಂಡ ಹಳೆಯ ನಾಣ್ಯಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರಿ ಕೈಖರ್ಚಿಗೆ ದಾರಿ ಮಾಡಿಕೊಳ್ಳುವ ನಿಮ್ಮ ಯೋಚನೆ ಒಳ್ಳೆಯದೇ. ಆದರೆ ಮೊದಲು ಕಾನೂನು ತಿಳಿದುಕೊಳ್ಳಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸಿದರೆ ಜೈಲು ಶಿಕ್ಷೆಯಿದೆ. ಹಾಗಾಗಿ ಸ್ವಾತಂತ್ರ್ಯಾನಂತರದ ನಾಣ್ಯಗಳನ್ನು ದೇಶದೊಳಗಷ್ಟೇ ಮಾರಿ.

ಹೊಳಪಿಗೆಂದು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ, ಬೆಲೆ ಇಳಿಯುತ್ತದೆ. ಮಾರುವವರು ಹೇಳುವ ಬೆಲೆ ನಂಬದೆ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಅಂಚೆ ವೆಚ್ಚ, ಕಮಿಷನ್ ಕಳೆದು ಲಾಭ ಲೆಕ್ಕ ಹಾಕಿ.

ರಿಸರ್ವ್ ಬ್ಯಾಂಕ್ ಹೆಸರಿನಲ್ಲಿ ಶುಲ್ಕ, ತೆರಿಗೆ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಒತ್ತಿ ಎಂದವರೊಂದಿಗೆ ವ್ಯವಹಾರ ಅಲ್ಲಿಗೇ ನಿಲ್ಲಿಸಿ.