ಶುಗರ್ ಇಳಿಯಿತೆಂದು ಆ ಮಾತ್ರೆ ಬಿಡಬೇಡ

ಮಗಾ, ಬೆಳಗಿನ ಶುಗರ್ 110ಕ್ಕೆ ಬಂತು, ಇನ್ನು ಡಾಪಾಗ್ಲಿಫ್ಲೋಜಿನ್ ಯಾಕೆ ಅಂತ ನಿಮ್ಮ ಅತ್ತೆ ಹತ್ತಿರ ಅಂದೆಯಂತೆ. ಇಷ್ಟು ವರ್ಷ ಮೆಡಿಕಲ್ ಶಾಪ್ ನಡೆಸಿ ಸಾವಿರಾರು ಚೀಟಿ ನೋಡಿದವನು ಹೇಳುತ್ತಿದ್ದೇನೆ, ಅದನ್ನು ನೀನಾಗಿ ನಿಲ್ಲಿಸಬೇಡ.

ಡಾಕ್ಟರು ಅದನ್ನು ಬರೆದಿದ್ದು ಬರೀ ಶುಗರ್‌ಗಲ್ಲ. ನಿನ್ನ ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿದೆ. ಕಿಡ್ನಿ ಸೋರತೊಡಗಿದೆ ಅನ್ನುವುದಕ್ಕೆ ಅದೇ ಮೊದಲ ಗುರುತು. ಆಗ ಮೈಗೆ ಏನೂ ಗೊತ್ತಾಗುವುದಿಲ್ಲ. ಈ ಮಾತ್ರೆ ಸಕ್ಕರೆಯನ್ನೂ ಉಪ್ಪನ್ನೂ ಮೂತ್ರದ ಜೊತೆ ಹೊರಗೆ ಕಳಿಸುತ್ತೆ. ಕಿಡ್ನಿಯೊಳಗಿನ ಒತ್ತಡ ಇಳಿಯುತ್ತೆ, ಹೃದಯದ ಭಾರವೂ ಕಮ್ಮಿಯಾಗುತ್ತೆ. ಇದೇ ಜಾತಿಯ ಎಂಪಾಗ್ಲಿಫ್ಲೋಜಿನ್ ಬಗ್ಗೆ 2015ರಲ್ಲಿ ಒಂದು ದೊಡ್ಡ ಅಧ್ಯಯನ ಹೊರಬಂತು. ಶುಗರ್ ಜೊತೆ ಹೃದಯ, ರಕ್ತನಾಳದ ಕಾಯಿಲೆಯೂ ಇದ್ದವರಲ್ಲಿ ಆ ಕಾಯಿಲೆಯಿಂದಾಗುವ ಸಾವು ಶೇ. 38ರಷ್ಟು ತಗ್ಗಿತ್ತು. ಆಮೇಲೆ ಶುಗರೇ ಇಲ್ಲದ ಹೃದಯದ, ಕಿಡ್ನಿಯ ರೋಗಿಗಳಿಗೂ ಈ ಮಾತ್ರೆಗಳಿಂದ ಗುಣ ಕಂಡಿತು. ಅಂದಮೇಲೆ 110 ಅನ್ನುವ ಒಂದು ಅಂಕಿ ನೋಡಿ ಬಿಡುವುದು ಹೇಗೆ?

ಮೂತ್ರದ ರಿಪೋರ್ಟಿನಲ್ಲಿ ಸಕ್ಕರೆಯ ಮುಂದೆ ಮೂರು ಪ್ಲಸ್ ಇದ್ದರೆ ಗಾಬರಿಯಾಗಬೇಡ, ಮಾತ್ರೆಯ ಕೆಲಸವೇ ಅದು. ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರುವುದೂ ಉಂಟು. ಡಾಕ್ಟರಿಗೆ ತೋರಿಸು, ಅವರು ನೋಡಿಕೊಳ್ಳುತ್ತಾರೆ. ಅಷ್ಟಕ್ಕೇ ಹೆದರಿ ಮಾತ್ರೆ ಬಿಟ್ಟವರನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತೆ.

ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಕಡೆ. ವಾಂತಿ-ಭೇದಿ ಶುರುವಾದರೆ, ಏಕಾದಶಿಗೆ ನಿರಾಹಾರ ಇರುವುದಾದರೆ ಡಾಕ್ಟರನ್ನು ಕೇಳಿ ಆ ದಿನಗಳ ಮಟ್ಟಿಗೆ ನಿಲ್ಲಿಸಬೇಕಾಗುತ್ತೆ. ಆಪರೇಷನ್ ಇದ್ದರೆ ಕನಿಷ್ಠ 3 ದಿನ ಮೊದಲೇ. ಇಲ್ಲದಿದ್ದರೆ ಶುಗರ್ ಸರಿಯಾಗಿ ಕಾಣುತ್ತಿದ್ದರೂ ರಕ್ತದಲ್ಲಿ ಆಮ್ಲ ಏರಬಹುದು. ಹೊಟ್ಟೆನೋವು, ವಾಂತಿ, ಏದುಸಿರು ಬಂದರೆ ಆಸ್ಪತ್ರೆಗೆ ಓಡು, ಈ ಮಾತ್ರೆ ತಗೋತೀನಿ ಅಂತ ಅವರಿಗೆ ಹೇಳು. ಇನ್ನು ಗುಪ್ತಾಂಗದಲ್ಲಿ ತುರಿಕೆ ಬರಬಹುದು. ಮೂತ್ರಕ್ಕೆ ಹೋದಾಗಲೆಲ್ಲ ತೊಳೆದು ಒಣಗಿಸಿಕೋ, ಆದರೂ ಬಂದರೆ ನಾಚಿಕೊಳ್ಳದೆ ತೋರಿಸು. ಅದಕ್ಕೆ ಔಷಧಿ ಇದೆ.

ದುಡ್ಡಿನ ಯೋಚನೆಯಾದರೆ, ಡಾಪಾದ ಪೇಟೆಂಟ್ ನಮ್ಮಲ್ಲಿ ಆಗಲೇ ಮುಗಿದಿದೆ, ಎಂಪಾದ್ದೂ 2025ರ ಮಾರ್ಚ್‌ನಲ್ಲಿ ಮುಗಿಯಿತು. ಹಾಗಾಗಿ ಅಗ್ಗದ ಬ್ರ್ಯಾಂಡ್ ಬರೆದುಕೊಡಿ ಅಂತ ಬಾಯಿಬಿಟ್ಟು ಕೇಳು.

ಭಾವನವರಿಗೂ ಶುಗರ್ ಇದೆ, ಅವರು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿದ್ದು ನನಗೆ ನೆನಪಿಲ್ಲ. ಮುಂದಿನ ಸಲ ಲ್ಯಾಬಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗು.