ಹೋಗದ ದಣಿವು ಮತ್ತು ಥೈರಾಯ್ಡ್ ಗುಳಿಗೆ

ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ನಾಟಿ ಮಾಡುವವರಿಗೂ ಸವಣೂರಿನ ಎಲೆಬಳ್ಳಿಯ ತೋಟದಲ್ಲಿ ದುಡಿಯುವವರಿಗೂ ದಣಿವು ಹೊಸತಲ್ಲ. ಆದರೆ ರಾತ್ರಿಯ ನಿದ್ರೆಯಿಂದಲೂ ಕಳೆಯದ ದಣಿವು ಬೇರೆ. ಅದರೊಡನೆ ಮೈತೂಕ ಹೆಚ್ಚುವುದು, ಚಳಿ ತಾಳದಿರುವುದು, ಮಲಬದ್ಧತೆ, ಮುಟ್ಟಿನ ಏರುಪೇರು ಕಂಡುಬಂದರೆ ಆಲಸ್ಯವೆಂದು ಹಳಿಯದೆ ರಕ್ತಪರೀಕ್ಷೆ ಮಾಡಿಸಿರಿ. ರಕ್ತಹೀನತೆ ಇರಬಹುದು, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಸ್ರಾವ ಕುಗ್ಗಿರಲೂಬಹುದು.

ಈ ಕೊರತೆಗೆ ವೈದ್ಯರು ಲೀವೋಥೈರಾಕ್ಸಿನ್ ಗುಳಿಗೆಯನ್ನು ಕೊಡುತ್ತಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆಯವರೆಗೆ ಚಹಾವನ್ನೂ ಮುಟ್ಟಬಾರದು. ನಸುಕಿನಲ್ಲೇ ಚಹಾ ಕುಡಿದು ಹೊಲಕ್ಕೆ ಹೊರಡುವ ನಮ್ಮ ಕಡೆಯವರಿಗೆ ಇದೇ ಕಠಿಣ ಪಥ್ಯ. ದಣಿವು ಎರಡು ದಿನಗಳಲ್ಲಿ ಇಳಿಯದು. 6ರಿಂದ 8 ವಾರಗಳ ನಂತರ ರಕ್ತವನ್ನು ಮತ್ತೆ ಪರೀಕ್ಷಿಸಿ, ವೈದ್ಯರು ಪ್ರಮಾಣವನ್ನು ಸರಿಪಡಿಸುತ್ತಾರೆ. ಬೇಗ ಚೈತನ್ಯ ಬರಲೆಂದು ತಾವಾಗಿಯೇ ಹೆಚ್ಚು ನುಂಗಿದರೆ ಎದೆಬಡಿತ ಏರುತ್ತದೆ.

ಸೊಸೆ ಗರ್ಭಿಣಿಯಾದೊಡನೆ ಮಗುವಿಗೆ ತೊಂದರೆಯಾದೀತೆಂದು ಗುಳಿಗೆ ಬಿಡಿಸುವ ಹಿರಿಯರುಂಟು. ತೊಂದರೆಯಾಗುವುದು ಬಿಡಿಸುವುದರಿಂದಲೇ. ಮೊದಲ ತಿಂಗಳುಗಳಲ್ಲಿ ಶಿಶುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡ್ ಸ್ರಾವವೇ ಆಧಾರ. ಆಗ ಗುಳಿಗೆಯ ಪ್ರಮಾಣವನ್ನು ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಗರ್ಭ ನಿಂತಿತೆಂದು ತಿಳಿದ ವಾರವೇ, ಹಿರೇಕೆರೂರಿನವರಿರಲಿ ಶಿಗ್ಗಾಂವಿಯವರಿರಲಿ, ತಮ್ಮ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿರಿ. ಹಳೆಯ ಚೀಟಿಯನ್ನೂ ಕೊಂಡೊಯ್ಯಿರಿ. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಥೈರಾಯ್ಡ್ ಗುಳಿಗೆ ಮೈಗೆ ಹತ್ತದಂತೆ ತಡೆಯುವುದರಿಂದ, ಅವನ್ನು 4 ಗಂಟೆಗಳ ನಂತರವೇ ತೆಗೆದುಕೊಳ್ಳಿರಿ.